ನಾಯಿಗಳಿಗೆ ಮನೆ ನೋಡಿದ ಬ್ರೋಕರಣ್ಣ

ಹೋದ ತಿಂಗಳು ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಕೂತಿದ್ದೆ. ಹಿಂದಿನ ಸೀಟಿನ ಹೆಂಗಸಿನ ಚೀಲದಲ್ಲಿ ಏನೋ ಸೋರಿ, ಬಸ್ಸಿನ ತುಂಬ ಬೇವಿನೆಣ್ಣೆಯ ವಾಸನೆ ಎದ್ದಿತು. ಕಂಡಕ್ಟರ್ ಮೂಗು ಮುಚ್ಚಿಕೊಂಡು ಬೈದ. ಕಿಟಕಿ ಪಕ್ಕದವರೆಲ್ಲ ಗಾಜು ಸರಿಸಿದರು. ನಾನೊಬ್ಬಳು ಮಾತ್ರ ಆ ಕಹಿ ವಾಸನೆಯನ್ನು ಎದೆ ತುಂಬ ಎಳೆದುಕೊಂಡು ನಗುತ್ತ ಕೂತಿದ್ದೆ. ಪಕ್ಕದಲ್ಲಿದ್ದವಳು ಸ್ವಲ್ಪ ಆಚೆ ಸರಿದು ಕೂತಳು. ಅವಳದೇನೂ ತಪ್ಪಿಲ್ಲ. ನನಗೆ ಬೇವಿನೆಣ್ಣೆ ಎಂದರೆ ಬ್ರೋಕರಣ್ಣ...

ಅವರು ಮದುವೆ ಬ್ರೋಕರ್. ಮಳವಳ್ಳಿ, ಮದ್ದೂರು, ಮಂಡ್ಯ ಮೂರೂ ಕಡೆ ಓಡಾಡಿ ಹೆಣ್ಣು ಗಂಡು ಕೂಡಿಸುತ್ತಿದ್ದವರು. ಬಿಳಿ ಅಂಗಿ, ಬಿಳಿ ಪಂಚೆ, ಕಂಕುಳಲ್ಲಿ ಒಂದು ರೆಕ್ಸಿನ್ ಬ್ಯಾಗು. ಮನೆ ಮನೆ ಅಲೆದು ಮಂಡಿ ಸವೆದಿದ್ದರಿಂದ ಬ್ಯಾಗಿನಲ್ಲಿ ಫೋಟೋ, ಜಾತಕಗಳ ಜೊತೆಗೆ ಬೇವಿನೆಣ್ಣೆಯ ಸೀಸೆ ಯಾವಾಗಲೂ ಇರುತ್ತಿತ್ತು. ಅವರು ಬೀದಿಯ ತುದಿಗೆ ಬಂದಾಗಲೇ ಮದುವೆ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಸನೆ ಬಡಿದು, ಹಿತ್ತಲ ಬಾಗಿಲಿನಿಂದ ಪರಾರಿಯಾಗುತ್ತಿದ್ದರು ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಅವರು ನಮಗೆ ಸಿಕ್ಕಿದ್ದು ಆಲೆಮನೆಯಲ್ಲಿ. ನಾನಾಗ ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಟೀಚರ್. ನಾವು ನಾಲ್ಕೈದು ಜನ ಸೇರಿಕೊಂಡು, ಮದ್ದೂರು ರಸ್ತೆಯಲ್ಲಿ ಬೆಲ್ಲ ಕಾಯಿಸುವುದು ನಿಲ್ಲಿಸಿದ್ದ ಒಂದು ಆಲೆಮನೆಯನ್ನು ಪುಕ್ಕಟೆಯಾಗಿ ಪಡೆದು, ಗಾಯಗೊಂಡ ಬೀದಿನಾಯಿಗಳನ್ನು ತಂದು ಸಾಕುತ್ತಿದ್ದೆವು. ಡಾಕ್ಟರ್ ವಾರಕ್ಕೊಮ್ಮೆ ಬರುತ್ತಿದ್ದರು, ಮಿಕ್ಕ ದಿನಗಳಲ್ಲಿ ನಾವೇ ಡಾಕ್ಟರು, ನಾವೇ ಆಯಾಗಳು. ಒಂದು ಭಾನುವಾರ ಕಬ್ಬಿನ ಟ್ರ್ಯಾಕ್ಟರ್‌ಗೆ ಸಿಕ್ಕಿದ್ದ ನಾಯಿಯ ಗಾಯದಲ್ಲಿ ಹುಳ ಬಿದ್ದು, ನಾಯಿಯನ್ನು ಹಿಡಿಯಲಾರದೆ ನಾವು ಮೂವರು ಹೆಂಗಸರು ಒದ್ದಾಡುತ್ತಿದ್ದೆವು. ಆಲೆಮನೆಯ ಯಜಮಾನರ ಮಗಳ ಜಾತಕ ಕೇಳಲು ಬಂದಿದ್ದ ಬ್ರೋಕರಣ್ಣ ಒಂದು ನಿಮಿಷ ನಿಂತು ನೋಡಿದರು. ಪಂಚೆ ಎತ್ತಿ ಕಟ್ಟಿ, ಸೀಸೆ ತೆಗೆದು, ತಮ್ಮ ಮಂಡಿಯ ಎಣ್ಣೆಯನ್ನೆಲ್ಲ ಅದರ ಗಾಯಕ್ಕೆ ಸುರಿದರು. ಹುಳಗಳು ಒಂದೊಂದಾಗಿ ಈಚೆ ಬಂದವು. ಜಾತಕದ ಮಾತು ಅವತ್ತು ಯಾರೂ ಎತ್ತಲಿಲ್ಲ. ಮುಂದಿನ ಭಾನುವಾರ ಅವರು ಎರಡು ಸೀಸೆ ಎಣ್ಣೆ ತಂದರು.

ನಾಯಿಗಳಿಗೆ ಹೆಸರಿಡುವ ಪದ್ಧತಿಯೂ ಅವರದೇ. ಸಿಕ್ಕಿದ ಊರೇ ಹೆಸರು. ಹಲಗೂರು, ಕಿರುಗಾವಲು, ಕೊಪ್ಪ, ಬೆಳಕವಾಡಿ... ಹುಟ್ಟಿದೂರು ಮರೆಯಬಾರದು ಎನ್ನುವುದು ಅವರ ವಾದ. ಇದರಿಂದ ಆದ ಫಜೀತಿ ಅಷ್ಟಿಷ್ಟಲ್ಲ. ಒಮ್ಮೆ ನಾನು ಸ್ಟಾಫ್ ರೂಮಿನಲ್ಲಿ ಫೋನು ಹಿಡಿದು, ಕಿರುಗಾವಲಿಗೆ ಬೆಳಗಿನಿಂದ ಭೇದಿ, ಹಲಗೂರಿನವಳು ಅವನನ್ನು ಕಚ್ಚಿಬಿಟ್ಟಿದ್ದಾಳೆ ಎಂದು ಹೇಳುತ್ತಿದ್ದೆ. ಹಲಗೂರಿನಿಂದ ಬರುತ್ತಿದ್ದ ನಮ್ಮ ಹಿಂದಿ ಟೀಚರ್ ಎರಡು ದಿನ ನನ್ನನ್ನು ಮಾತಾಡಿಸಲಿಲ್ಲ.

ನಮ್ಮ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಯುಗಾದಿ ಕಳೆದ ಮೇಲೆ ಆಲೆಮನೆಯ ಯಜಮಾನರು ಬಂದು, ಮಗ ಮತ್ತೆ ಬೆಲ್ಲ ಮಾಡಬೇಕೆಂದು ಹೊರಟಿದ್ದಾನೆ, ಗೌರಿ ಹಬ್ಬದ ಹೊತ್ತಿಗೆ ಜಾಗ ಖಾಲಿ ಮಾಡಿಕೊಡಿ ಎಂದರು. ಅವರು ಕೇಳಿದ ರೀತಿಯಲ್ಲಿ ಏನೂ ತಪ್ಪಿರಲಿಲ್ಲ. ಆದರೆ ನಮ್ಮ ಹತ್ತಿರ ಹತ್ತೊಂಬತ್ತು ನಾಯಿಗಳಿದ್ದವು. ಮನೆ ಸಿಗದಿದ್ದರೆ ಅವನ್ನು ಮತ್ತೆ ಬೀದಿಗೇ ಬಿಡಬೇಕು. ಕಾಲು ಊನವಾದವು, ಕಣ್ಣು ಹೋದವು, ರಸ್ತೆಯಲ್ಲಿ ಎಷ್ಟು ದಿನ ಬದುಕಿಯಾವು? ನನಗೆ ನಿದ್ದೆ ಹತ್ತದಾಯಿತು. ಬ್ರೋಕರಣ್ಣ ಮಾತ್ರ ಹೊಸ ಗಿರಾಕಿ ಸಿಕ್ಕಿದವರಂತೆ ಹುರುಪಿನಿಂದ ಎದ್ದು ಕೂತರು. ಹತ್ತೊಂಬತ್ತು ಸಂಬಂಧ ತಾನೇ, ಕುದುರಿಸೋಣ ಎಂದರು.

ಕುದುರಿಸಿದ್ದೂ ಮದುವೆಯ ಹಾಗೆಯೇ. ಪ್ರತಿ ನಾಯಿಗೂ ಫೋಟೋ ತೆಗೆಸಿದರು. ಲಸಿಕೆ, ಆಪರೇಷನ್ ಆಗಿರುವುದನ್ನೆಲ್ಲ ಹಿಂದುಗಡೆ ನನ್ನ ಕೈಯಲ್ಲಿ ದುಂಡಗೆ ಬರೆಸಿದರು. ಆ ಫೋಟೋಗಳು ಗಂಡುಗಳ ಫೋಟೋ ಜೊತೆಗೇ ಬ್ಯಾಗು ಸೇರಿದವು. ಮಂಡ್ಯದಲ್ಲಿ ಒಂದು ಮನೆಯಲ್ಲಿ ಇಂಜಿನಿಯರ್ ವರನ ಫೋಟೋ ಎಂದು ಕೊಟ್ಟಿದ್ದು ಬೆಳಕವಾಡಿಯ ಫೋಟೋ ಆಗಿತ್ತು. ಹುಡುಗಿಯ ಅಜ್ಜಿ ಕನ್ನಡಕ ಏರಿಸಿ ನೋಡಿ, ಹೋದ ವಾರ ತೋರಿಸಿದವನಿಗಿಂತ ಇವನೇ ವಾಸಿ ಎಂದರಂತೆ. ಮದುವೆ ಕುದುರಲಿಲ್ಲ, ಬೆಳಕವಾಡಿಗೆ ಆ ಮನೆಯಲ್ಲೇ ಜಾಗ ಆಯಿತು.

ಯಾರಾದರೂ ನಾಯಿ ಬೇಕೆಂದರೆ ಮೊದಲು ಇವರು ಅವರ ಮನೆ ನೋಡಲು ಹೋಗುತ್ತಿದ್ದರು. ಮನೆಯವರನ್ನು ಕೇಳುವುದಲ್ಲ, ಅಕ್ಕಪಕ್ಕದವರನ್ನು ಕೇಳುವುದು. ಗಂಡ ಹೆಂಡತಿ ಜಗಳ ಎಷ್ಟು ದಿನಕ್ಕೊಮ್ಮೆ, ಉಳಿದ ಅನ್ನ ಯಾರಿಗೆ ಹಾಕುತ್ತಾರೆ, ಮಕ್ಕಳು ಕಲ್ಲು ಎಸೆಯುತ್ತವೆಯೇ, ಎಲ್ಲ ವಿಚಾರಿಸಿಕೊಂಡು ಬರುತ್ತಿದ್ದರು. ಒಪ್ಪಿಗೆಯಾದರೆ ಅವರು ನಮ್ಮ ಬೀಗರು, ಆಲೆಮನೆ ನಾಯಿಯ ತವರು. ಆಮೇಲೆ ಬೀಗರನ್ನು ಕೂರಿಸಿಕೊಂಡು, ನಾಯಿಯ ಮುಂದೆಯೇ ಅದರ ದೋಷಗಳನ್ನೆಲ್ಲ ಹೇಳುತ್ತಿದ್ದರು. ಇದು ಚಪ್ಪಲಿ ತಿನ್ನುತ್ತದೆ, ಅದರಲ್ಲೂ ಎಡಗಾಲಿನದನ್ನೇ. ಗುಡುಗಿದರೆ ಮಂಚದ ಕೆಳಗೆ ಸೇರುತ್ತದೆ, ಕಳ್ಳ ಬಂದರೂ ಅಲ್ಲಿಗೇ ಸೇರುತ್ತದೆ. ಕೇಳಿ ಅರ್ಧ ಜನ ಎದ್ದು ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಗಂಡುಗಳ ಕುಡಿತ, ಸಾಲ, ಬೊಕ್ಕತಲೆ ಎಲ್ಲ ಮುಚ್ಚಿಟ್ಟು ಮದುವೆ ಮಾಡಿಸುವ ನೀವು ನಾಯಿ ವಿಷಯಕ್ಕೆ ಯಾಕೆ ಹರಿಶ್ಚಂದ್ರ ಆಗ್ತೀರಿ ಎಂದು ಕೇಳಿದೆ. ಅವರು ಬೊಕ್ಕತಲೆ ಒಂದನ್ನು ಬಿಟ್ಟು ಬೇರೆ ಏನೂ ಈಗ ಮುಚ್ಚಿಡುವುದಿಲ್ಲ ಎಂದು ಹೇಳಿ ಮಾತು ಹಾರಿಸಿದರು.

ಅಂತೂ ಜಾಗಗಳು ಸಿಗುತ್ತ ಬಂದವು. ಕಿರುಗಾವಲು ಮಂಡ್ಯದ ವಿ.ಸಿ. ಫಾರಂ ಹತ್ತಿರದ ಒಂದು ಮನೆ ಸೇರಿದ. ಹಲಗೂರನ್ನು ಮದ್ದೂರು ಕಡೆಯ ಒಂದು ಒಟ್ಟು ಕುಟುಂಬ ಕರೆದುಕೊಂಡು ಹೋಯಿತು. ಕಳಿಸಿಕೊಡುವಾಗ ಬ್ರೋಕರಣ್ಣ ಅಭ್ಯಾಸಬಲದಿಂದ, ಆಷಾಢಕ್ಕೆ ತವರಿಗೆ ಕಳಿಸಿ ಎಂದು ತಮಾಷೆ ಮಾಡಿದ್ದರು. ಆಷಾಢದ ಮೊದಲ ಶುಕ್ರವಾರ ಆಲೆಮನೆ ಮುಂದೆ ಆಟೋ ನಿಂತಿತು. ಆ ಮನೆಯ ಅಜ್ಜಿ ಇಳಿದರು, ಹಿಂದೆ ಹಲಗೂರು. ಹಣೆಗೆ ಕುಂಕುಮ, ಕೊರಳಿಗೆ ಕನಕಾಂಬರ, ಜೊತೆಗೆ ಒಂದು ಚೀಲ ರಾಗಿಹಿಟ್ಟು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದಲ್ಲ, ನೀವೇ ಹೇಳಿದ್ದಿರಲ್ಲ ಎಂದರು ಆ ತಾಯಿ. ಮನೆಯಲ್ಲಿ ಅತ್ತೆ ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬ್ರೋಕರಣ್ಣ ತಲೆ ಮೇಲೆ ಕೈ ಹೊತ್ತುಕೊಂಡರೂ ಮರ್ಯಾದೆ ಬಿಡದೆ ಅಜ್ಜಿಗೆ ಕಾಫಿ ತರಿಸಿಕೊಟ್ಟರು. ಒಂದು ತಿಂಗಳು ಹಲಗೂರು ಗೇಟಿನ ಹತ್ತಿರ ಕೂತು ಗೋಳಾಡಿತು, ಅತ್ತ ಅಜ್ಜಿ ದಿನಕ್ಕೆರಡು ಸಲ ಫೋನು ಮಾಡಿದರು. ಶ್ರಾವಣದ ಮೊದಲ ದಿನವೇ ಬಂದು ಕರೆದುಕೊಂಡು ಹೋದರು.

ಕಡೆಗೆ ಉಳಿದವನು ಕೊಪ್ಪ.

ಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ಮೋರಿಯಲ್ಲಿ ಸಿಕ್ಕಿದ್ದ ಕರಿನಾಯಿ. ನಾಯಿಗಳನ್ನು ಕೊಲ್ಲುವ ಒಂದು ಕೆಟ್ಟ ಜ್ವರ ಬಂದು, ದವಡೆ ನಡುಗುತ್ತ, ಬದುಕುವುದೇ ಅನುಮಾನ ಎನ್ನುವಂತಿದ್ದ. ಎರಡು ತಿಂಗಳು ಸಿರಿಂಜಿನಲ್ಲಿ ಗಂಜಿ, ಮೊಟ್ಟೆ ಕುಡಿಸಿದ್ದೆ. ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಮಲಗಿದಲ್ಲಿಂದಲೇ ಬಾಲ ಬಡಿಯಲು ಶುರು ಮಾಡಿದ. ಎದ್ದು ನಾಲ್ಕು ಹೆಜ್ಜೆ ನಡೆದ ದಿನ ನಾನು ಇಡೀ ಸ್ಟಾಫ್ ರೂಮಿಗೆ ಮೈಸೂರುಪಾಕ್ ಹಂಚಿದ್ದೆ. ಆದರೆ ಜ್ವರ ಹೋಗುವಾಗ ಮೂರ್ಛೆರೋಗ ಬಿಟ್ಟು ಹೋಗಿತ್ತು. ಆಗಾಗ ಬಿದ್ದು, ಕಾಲು ಸೆಟೆದು, ನೊರೆ ಕಾರಿ, ಎರಡು ನಿಮಿಷದಲ್ಲಿ ಏನೂ ಆಗದವನಂತೆ ಎದ್ದು ಕೂರುತ್ತಿದ್ದ. ಬೆಳಿಗ್ಗೆ ಸಂಜೆ ತಪ್ಪದೆ ಮಾತ್ರೆ ಕೊಟ್ಟರೆ ಹತೋಟಿಯಲ್ಲಿರುತ್ತದೆ ಎಂದಿದ್ದರು ಡಾಕ್ಟರ್. ನೋಡಲು ಬಂದವರಿಗೆಲ್ಲ ಬ್ರೋಕರಣ್ಣ ಮೊದಲು ಹೇಳುತ್ತಿದ್ದುದೇ ಇದನ್ನು. ಬಂದವರು ಬಂದ ದಾರಿಗೆ ಸುಂಕವಿಲ್ಲ ಎಂದು ಹೋಗುತ್ತಿದ್ದರು. ನಮ್ಮದು ಬಾಡಿಗೆ ಮನೆ, ಮನೆ ಮಾಲೀಕರು ನಾಯಿ ಎಂದರೆ ಕೆಂಡವಾಗುತ್ತಿದ್ದರು, ನಾನು ಕರೆದುಕೊಂಡು ಹೋಗುವಂತೆಯೂ ಇರಲಿಲ್ಲ. ಗೌರಿ ಹಬ್ಬಕ್ಕೆ ಹತ್ತು ದಿನ ಉಳಿಯಿತು.

ಆ ಭಾನುವಾರ ಬ್ರೋಕರಣ್ಣ ಯಾವುದೋ ಮದುವೆಗೆಂದು ಮಂಡ್ಯಕ್ಕೆ ಹೋಗಿದ್ದರು. ಬಂಡೂರಿನಿಂದ ಕುರಿ ಸಾಕುವ ಹಿರಿಯರೊಬ್ಬರು ಬಂದರು. ಅವರ ಹಳೆಯ ನಾಯಿ ಸತ್ತಿತ್ತು, ಕುರಿಗಳ ಜೊತೆ ಇರಲು ಒಂದು ಸಾಧು ನಾಯಿ ಬೇಕಿತ್ತು. ಕೊಪ್ಪ ನೇರವಾಗಿ ಹೋಗಿ ಅವರ ಕಾಲ ಮೇಲೆ ಗಲ್ಲ ಇಟ್ಟು ಮಲಗಿದ. ಅವರ ಮುಖ ಅರಳಿದ್ದನ್ನು ನೋಡಿದೆ. ಕಾಯಿಲೆ ಗೀಯಿಲೆ ಏನಾದರೂ ಇದೆಯಾ ಎಂದು ಕೇಳಿದರು. ಇಲ್ಲ ಎಂದೆ. ಮಾತ್ರೆಯ ಪೊಟ್ಟಣ ಕೈಗಿಟ್ಟು, ಇದು ಶಕ್ತಿಗೆ, ದಿನಾ ಎರಡು ಹೊತ್ತು ಕೊಡಿ ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬಂದಿದ್ದು ನನಗೇ ಆಶ್ಚರ್ಯ. ಅವರು ಕೊಪ್ಪನನ್ನು ಟೆಂಪೋದಲ್ಲಿ ಕೂರಿಸಿಕೊಂಡು ಹೋದ ಮೇಲೆ ನಾನು ಖಾಲಿ ಆಲೆಮನೆಯಲ್ಲಿ ನಿಂತು ದೇವರಿಗೆ ಕೈ ಮುಗಿದೆ.

ಬುಧವಾರ ಬ್ರೋಕರಣ್ಣ ಸ್ಕೂಲಿನ ಗೇಟಿಗೇ ಬಂದರು. ಖುಷಿಯಿಂದ ಸುದ್ದಿ ಹೇಳಿದೆ. ಅವರು ಖುಷಿಪಡಲಿಲ್ಲ.

"ಅದ್ಕೆ ಮೂರ್ಛೆ ಬತ್ತದೆ ಅಂತ ಯೋಳುದ್ರಾ ಟೀಚ್ರಮ್ಮ?"

ಇಲ್ಲ ಎಂದೆ. ಅವರು ಬೈಯಲಿಲ್ಲ. ಅರ್ಧ ದಿನ ರಜೆ ಹಾಕಿ ಬನ್ನಿ ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದರು.

ಬಂಡೂರಿನ ಬಸ್ಸಿನಲ್ಲಿ ಅವರು ತಾವಾಗಿಯೇ ಆ ಕಥೆ ಹೇಳಿದರು. ಬಹಳ ವರ್ಷದ ಹಿಂದೆ ಒಂದು ಮದುವೆ ಮಾಡಿಸಿದ್ದರಂತೆ. ಹುಡುಗನಿಗೆ ಮೂರ್ಛೆರೋಗ. ಹುಡುಗನ ಕಡೆಯವರು ಬೇಡವೆಂದಿದ್ದಕ್ಕೆ ಇವರು ಹೇಳಿರಲಿಲ್ಲ. ಮದುವೆಯಾದ ಐದನೇ ದಿನ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಊಟಕ್ಕೆ ಕೂತವನು ತಟ್ಟೆಯ ಮೇಲೇ ಬಿದ್ದ. ತಾನು ಬಡಿಸಿದ್ದು ತಿಂದೇ ಗಂಡ ಸತ್ತ ಎಂದುಕೊಂಡು ಆ ಹುಡುಗಿ ಬೀದಿಗೆ ಓಡಿದ್ದಳು. ವಾರದ ಮೇಲೆ ಇವರ ಮನೆ ಹುಡುಕಿಕೊಂಡು ಬಂದಳು. ಜಗಳಕ್ಕಲ್ಲ, ಒಂದೇ ಮಾತು ಕೇಳುವುದಕ್ಕೆ.

"ಒಂದ್ ಮಾತು ಯೋಳಿದ್ರೆ ನಾನೇನ್ ಬ್ಯಾಡ ಅಂತಿದ್ನಾ ಅಣ್ಣ? ಒಬ್ಳೇ ಎದುರ್ಕೊಳೋದು ತಪ್ತಿತ್ತಲ್ಲ ಅಂದ್ಲು ಕಣಮ್ಮ."

ಅವರಿಬ್ಬರೂ ಈಗಲೂ ಚೆನ್ನಾಗಿದ್ದಾರೆ, ಮೊಮ್ಮಕ್ಕಳಿದ್ದಾರೆ ಎಂದರು.

ಕುರಿಯಜ್ಜನ ಮನೆ ಮುಂದೆ ಹೋದಾಗ ಕೊಪ್ಪ ಹಟ್ಟಿಯ ನೆರಳಲ್ಲಿ ಮಲಗಿದ್ದ, ನಮ್ಮನ್ನು ನೋಡಿ ಬಾಲ ಬಡಿದ. ಅಜ್ಜ ಎದ್ದು ಬರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಕೊಪ್ಪನಿಗೆ ಮೂರ್ಛೆ ಬಂದಿತ್ತು. ಮನುಷ್ಯರಿಗೆ ಮಾಡುವ ಹಾಗೆಯೇ ಅವರು ಓಡಿ ಹೋಗಿ ಬೀರುವಿನ ಕೀ ಗೊಂಚಲನ್ನು ಅವನ ಮುಂಗಾಲಿಗೆ ಹಿಡಿಸಿದ್ದರಂತೆ. ಇನ್ನೊಂದು ಅನಾಹುತವೂ ಆಗಿತ್ತು. ಶಕ್ತಿಯ ಮಾತ್ರೆ ಎಂದಿದ್ದೆನಲ್ಲ, ಬಡಕಲಾಗಿದ್ದ ಒಂದು ಕುರಿಮರಿಗೂ ಆಗಲಿ ಎಂದು ಕೊಪ್ಪನ ಪಾಲಿನಲ್ಲೇ ಅರ್ಧ ಮುರಿದು ಕೊಟ್ಟಿದ್ದರು. ಮರಿ ಒಂದು ಹಗಲು ಪೂರ್ತಿ ನಿದ್ದೆ ಹೋಗಿ ಆಗಷ್ಟೇ ಎದ್ದು ತೂರಾಡುತ್ತಿತ್ತು. ಇಬ್ಬರಿಗೂ ತಾನೇ ಏನೋ ಮಾಡಿಬಿಟ್ಟೆ ಎಂದು ಯಜಮಾನರು ನೆನ್ನೆಯಿಂದ ತುತ್ತು ಮುಟ್ಟಿಲ್ಲ ಎಂದು ಅವರ ಹೆಂಡತಿ ಬಾಗಿಲಲ್ಲೇ ಹೇಳಿದರು.

ಬ್ರೋಕರಣ್ಣ ನನ್ನ ಕಡೆ ನೋಡಿದರು. ತಾವು ಹೇಳಲಿಲ್ಲ. ನಾನು ಆ ಅಜ್ಜನ ಮುಂದೆ ನೆಲದ ಮೇಲೆ ಕೂತು, ಜ್ವರ, ಮೂರ್ಛೆ, ಮಾತ್ರೆ, ನನ್ನ ಸುಳ್ಳು, ಎಲ್ಲವನ್ನೂ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಬೇಡವಾದರೆ ಈಗಲೇ ಕರೆದುಕೊಂಡು ಹೋಗುತ್ತೇನೆ ಎಂದೆ. ಎಲ್ಲಿಗೆ ಎಂದು ನನಗೇ ಗೊತ್ತಿರಲಿಲ್ಲ.

ಅಜ್ಜ ಕೊಪ್ಪನನ್ನು ಹತ್ತಿರ ಕರೆದು ಕಿವಿ ಸವರಿದರು.

"ನನ್ ಕೈಗುಣ ಕೆಡ್ತು ಅನ್ಕಂಡಿದ್ದೆ ಕಣವ್ವ. ಇದ್ರ ಕಾಯ್ಲೆನಾ? ಅಂಗಾರೆ ಇರ್ಲಿ ಬುಡು, ನಾನೂ ಬಿಪಿ ಮಾತ್ರೆ ನುಂಗ್ತೀನಿ, ಇವ್ನೂ ನುಂಗ್ಲಿ."

ಆಮೇಲೆ ಹೆಂಡತಿಯ ಕಡೆ ತಿರುಗಿ, ಮುದ್ದೆಗೆ ಎಸರಿಡು ಎಂದರು. ನಾವೆಲ್ಲ ಸೇರಿ ಬಿಸಿ ಮುದ್ದೆ, ಅವರೆಕಾಳು ಸಾರು ಉಂಡೆವು. ಬ್ರೋಕರಣ್ಣ ಮೂರು ಮುದ್ದೆ ಉಂಡು, ಬೀಗರೂಟ ಇಷ್ಟಕ್ಕೇ ತೀರಲಿಲ್ಲ, ಮರಿ ದೊಡ್ಡದಾಗಲಿ ಎಂದರು. ಆ ಮರಿಯ ಮೇಲೆ ಕಣ್ಣು ಹಾಕಿದರೆ ಸಂಬಂಧ ಮುರಿಯುತ್ತೇನೆ ಎಂದರು ಅಜ್ಜ. ಗೌರಿ ಹಬ್ಬಕ್ಕೆ ಆಲೆಮನೆಯನ್ನು ಗುಡಿಸಿ, ಸಾರಿಸಿ ಯಜಮಾನರಿಗೆ ಒಪ್ಪಿಸಿದೆವು. ಕೊಪ್ಪ ಆರು ವರ್ಷ ಬಂಡೂರಿನಲ್ಲಿ ಕುರಿಗಳ ಮಧ್ಯೆ ರಾಜನ ಹಾಗೆ ಬದುಕಿದ.

ನಮಗೆ ಮುಂದೆ ಊರಾಚೆ ಬೇರೊಂದು ಜಾಗ ಸಿಕ್ಕಿತು. ಬ್ರೋಕರಣ್ಣ ಭಾನುವಾರ ತಪ್ಪಿಸುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಮೊದಲ ಸಲ ತಪ್ಪಿಸಿದರು. ಹೊಟ್ಟೆನೋವು ಎಂದರು, ಆಮೇಲೆ ಸಣ್ಣಗಾದರು. ಡಾಕ್ಟರ್ ಹೇಳಿದ್ದನ್ನು ಅವರ ಹೆಂಡತಿ ನನ್ನೊಬ್ಬಳಿಗೆ ಹಿತ್ತಲಲ್ಲಿ ನಿಲ್ಲಿಸಿಕೊಂಡು ಹೇಳಿದರು. ಇನ್ನು ಕೆಲವೇ ತಿಂಗಳು. ಅವರಿಗೆ ಮಾತ್ರ ಗ್ಯಾಸ್ಟ್ರಿಕ್ ಎಂದೇ ಹೇಳಬೇಕು ಎಂದು ನನ್ನ ಕೈಯಲ್ಲಿ ಭಾಷೆ ತೆಗೆದುಕೊಂಡರು. ನಾನು ಒಪ್ಪಿಕೊಂಡೆ.

ಅವತ್ತೇ ಜಗಲಿಯ ಮೇಲೆ ಬ್ರೋಕರಣ್ಣ ಕೇಳಿಬಿಟ್ಟರು. ಅವರ ಹೆಂಡತಿ ಒಳಗೆ ಕಾಫಿ ಕಾಯಿಸುತ್ತಿದ್ದರು.

"ನೀವ್ ಯೋಳಿ ಟೀಚ್ರಮ್ಮ. ಏನು ನಂಗೆ?"

ಗ್ಯಾಸ್ಟ್ರಿಕ್ ಎನ್ನುವ ಮಾತು ಬಾಯಿಯ ತನಕ ಬಂದಿತ್ತು. ಅವರ ಕಣ್ಣಿನಲ್ಲಿ ಭಯ ಇತ್ತು, ಅದನ್ನು ನಾನು ಅಲ್ಲಿಯವರೆಗೆ ಅವರಲ್ಲಿ ಕಂಡಿರಲಿಲ್ಲ. ಹೇಳಿದೆ. ಕಾಯಿಲೆಯ ಹೆಸರನ್ನೂ ಹೇಳಿದೆ, ಎಷ್ಟು ದಿನ ಎನ್ನುವುದನ್ನೂ ಹೇಳಿದೆ. ಅವರು ಗೋಡೆಗೆ ಒರಗಿ ನಿರಾಳವಾಗಿ ಉಸಿರು ಬಿಟ್ಟರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ, ನೋಡಿದರೆ ನಗು.

"ನಮ್ಮನೆಯವ್ಳು ಸುಳ್ಳು ಯೋಳಿ ಅಭ್ಯಾಸ ಇಲ್ದೋಳು. ಎಷ್ಟು ಚೆಂದಾಗಿ ಯೋಳ್ತಾವ್ಳೆ ನೋಡಿ. ನಂಗೆ ಗೊತ್ತು ಅಂತ ಅವ್ಳಿಗೆ ಗೊತ್ತಾಗೋದ್ ಬ್ಯಾಡ, ಪಾಪ."

ಹೀಗೆ ಒಂದೇ ದಿನ ಆ ಮನೆಯಲ್ಲಿ ಎರಡು ಭಾಷೆ ಕೊಟ್ಟು, ಒಂದನ್ನು ಮುರಿದು ಬಂದೆ. ಮೂರು ತಿಂಗಳು ಕಳೆಯಿತು. ಅವರ ತಿಥಿಗೆ ಯಾರೆಂದು ಮನೆಯವರಿಗೇ ತಿಳಿಯದ ಜನ ಮೂರು ತಾಲ್ಲೂಕಿನಿಂದ ಬಂದಿದ್ದರು. ಮದ್ದೂರಿನ ಅಜ್ಜಿ, ವಿ.ಸಿ. ಫಾರಂನವರು, ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದ ಬಂಡೂರಿನ ಅಜ್ಜ. ನೀವು ಯಾರ ಕಡೆಯವರು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ನಾವು ಬೀಗರು.

ಅವರಿಲ್ಲದೆ ಈಗ ನಾನೇ ಮನೆ ನೋಡುತ್ತೇನೆ, ನಾನೇ ದೋಷ ಹೇಳುತ್ತೇನೆ. ಜನ ಎದ್ದು ಹೋಗುತ್ತಾರೆ. ಅವರು ಹೇಳಿದರೆ ಅರ್ಧ ಜನವಾದರೂ ನಕ್ಕು ಉಳಿಯುತ್ತಿದ್ದರು. ಆ ಅರ್ಧ ಜನರನ್ನು ನಗಿಸಿ ಉಳಿಸಿಕೊಳ್ಳುವುದು ನನಗೆ ಇನ್ನೂ ಬಂದಿಲ್ಲ, ಆ ಹೊತ್ತಿನಲ್ಲೆಲ್ಲ ಅವರು ಬೇಕೆನಿಸುತ್ತಾರೆ.

ಮೊನ್ನೆ ಭಾನುವಾರ ಅವರ ಹೆಂಡತಿ ಬಂದಿದ್ದರು. ಅವರು ನಮ್ಮ ಜಾಗಕ್ಕೆ ಬಂದಿದ್ದು ಅದೇ ಮೊದಲು. ನಾಯಿಗಳನ್ನೆಲ್ಲ ದೂರದಿಂದ ನೋಡಿದರು, ಹೆಸರು ಕೇಳಿದರು, ಒಂದೊಂದು ಊರಿಗೂ ತಲೆ ಆಡಿಸಿದರು. ಆಮೇಲೆ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಸೆರಗಿನ ತುದಿ ಸುತ್ತುತ್ತ ಕೇಳಿದರು.

"ಮೂರ್ ತಿಂಗ್ಳು ಅವ್ರ ಮುಂದೆ ನಗ್ ನಗ್ತಾ ಇದ್ದೆ ಕಣಮ್ಮ. ಒಳಗೋಗಿ ಅಳ್ತಿದ್ದೆ. ಅವ್ರಿಗೆ ಗೊತ್ತಿತ್ತಾ?"

ಬ್ರೋಕರಣ್ಣನಿಗೆ ಕೊಟ್ಟ ಮಾತು ನೆನಪಾಯಿತು. ಆದರೂ ಗೊತ್ತಿತ್ತು ಎಂದೆ. ಹೇಳಿದವಳು ನಾನೇ ಎಂದೆ. ಅವತ್ತು ಬ್ರೋಕರಣ್ಣ ಏನೆಂದರು ಎನ್ನುವುದನ್ನೂ ಒಂದಕ್ಷರ ಬಿಡದೆ ಹೇಳಿದೆ.

ಅವರು ಕೋಪಿಸಿಕೊಳ್ಳುತ್ತಾರೆಂದು ಕಾದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ದಿನಾ ಅನ್ನೋರು, ಇವತ್ತು ಗ್ಯಾಸ್ಟ್ರಿಕ್ ವಾಸಿ ಕಣೆ ಅಂತ. ಎಂಥಾ ಸುಳ್ಬುರ್ಕ ನೋಡಮ್ಮ."

ಅವರು ನನ್ನ ಕೈ ಹಿಡಿದುಕೊಂಡರು, ಇಬ್ಬರೂ ನಕ್ಕೆವು. ನಗು ನಿಂತ ಮೇಲೂ ಅವರು ನನ್ನ ಕೈ ಬಿಡಲಿಲ್ಲ.